ಅಮೆರಿಕದ ಗಡೀಪಾರು: ಖರ್ಚೆಲ್ಲ ವಿಮಾನ ಹತ್ತುವ ಮೊದಲೇ

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿದಾಗ ಎಲ್ಲರ ಕಣ್ಣು ವಿಮಾನದ ಮೇಲೆಯೇ ಇತ್ತು. ಹಣವೂ ಸಮಯವೂ ಹೆಚ್ಚಾಗಿ ಹೋಗುವುದು ಅದಕ್ಕೂ ಮೊದಲು.

ಗಡಿಯಿಂದ ದೂರ, ವರ್ಷಗಟ್ಟಲೆ ನೆಲೆಸಿದವರನ್ನು ಹಿಡಿದರೆ ಸಾಮಾನ್ಯವಾಗಿ ಮೊದಲು ಕೊಡುವುದು ವಲಸೆ ನ್ಯಾಯಾಲಯಕ್ಕೆ ಹಾಜರಾಗುವ ನೋಟಿಸ್. 2024ರ ಕೊನೆಗೆ ಅಲ್ಲಿ 35 ಲಕ್ಷಕ್ಕೂ ಹೆಚ್ಚು ಪ್ರಕರಣ ಬಾಕಿ ಇದ್ದವು, ನ್ಯಾಯಾಧೀಶರು ಸುಮಾರು 700. ತಲೆಗೆ ಐದು ಸಾವಿರ! ಸರ್ಕಾರ ವಕೀಲರನ್ನು ಕೊಡುವುದಿಲ್ಲ, ಸ್ವಂತ ಖರ್ಚಿನಲ್ಲಿ ಹುಡುಕಿಕೊಳ್ಳಬೇಕು. ಅದಕ್ಕಾಗಿ ವಾಯಿದೆ ಕೇಳಿದಷ್ಟೂ ದಿನ ಮುಂದಕ್ಕೆ ಹೋಗುತ್ತದೆ. ಅಷ್ಟೂ ದಿನ ಬಂಧನದಲ್ಲಿಟ್ಟರೆ ಒಂದು ಹಾಸಿಗೆಗೆ ದಿನಕ್ಕೆ 150 ಡಾಲರ್ ಆಸುಪಾಸು. ಎರಡು ತಿಂಗಳಿಗೇ 9,000 ಡಾಲರ್.

ಆದೇಶ ಬಂದ ಮೇಲೂ ಪ್ರಯಾಣಪತ್ರ ಬೇಕು. ಪಾಸ್‌ಪೋರ್ಟ್ ಇಲ್ಲದವರು ಭಾರತೀಯರೇ ಎಂದು ನಮ್ಮ ಕಾನ್ಸುಲೇಟ್ ಖಚಿತಪಡಿಸಿಕೊಂಡು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡಬೇಕು. ಕೆಲಸ ಕೆಡುವುದು ಇಲ್ಲಿಯೇ: ಏಜೆಂಟನ ಮಾತು ಕೇಳಿ ಸುಳ್ಳು ಹೆಸರು ಬರೆಸಿದವರು, ಹುಟ್ಟಿದ ದಿನಾಂಕ ತಾಳೆಯಾಗದವರು ಒಳಗೇ ಉಳಿಯುತ್ತಾರೆ. ತಾಯ್ನಾಡು ಒಪ್ಪದೆ, ಸದ್ಯಕ್ಕೆ ಕಳಿಸುವ ದಾರಿಯೂ ಕಾಣದಿದ್ದರೆ, ಆರು ತಿಂಗಳಾದ ಮೇಲೆ ಸಾಮಾನ್ಯವಾಗಿ ಬಿಡಬೇಕೆಂದು 2001ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಖರ್ಚು ಮಾಡಿದ್ದಷ್ಟೇ ಬಂತು.

ಒಬ್ಬರನ್ನು ಹಿಡಿದು, ಇರಿಸಿ, ಕಳಿಸಲು ಸರಾಸರಿ 17,121 ಡಾಲರ್ ಎಂದು ಅಮೆರಿಕದ ಗೃಹ ಭದ್ರತಾ ಇಲಾಖೆಯೇ 2025ರ ಮೇನಲ್ಲಿ ಹೇಳಿತು. ತಾವಾಗಿ ಹೊರಡುವವರಿಗೆ ಟಿಕೆಟ್ ಜೊತೆ 1,000 ಡಾಲರ್ ಕೊಡುವುದಾಗಿ ಘೋಷಿಸಿದ್ದೂ ಆಗಲೇ. ಹಿಡಿದು ಕಳಿಸುವ ಆ ಸರಾಸರಿ ಖರ್ಚನ್ನು ಒಂದು ಕೋಟಿ ಜನಕ್ಕೆ ಗುಣಿಸಿದರೆ 17,000 ಕೋಟಿ ಡಾಲರ್ ದಾಟುತ್ತದೆ. ಅದೇ ವರ್ಷ ಜುಲೈನಲ್ಲಿ ಅಮೆರಿಕ ತಂದ ಕಾನೂನು ಬಂಧನ ಕೇಂದ್ರಗಳಿಗೆ 4,500 ಕೋಟಿ ಡಾಲರ್ ಕೊಟ್ಟಿತು, ನ್ಯಾಯಾಧೀಶರಿಗೆ ಮಾತ್ರ 2028ರ ನವೆಂಬರ್‌ನಿಂದ 800ರ ಮಿತಿ ಹಾಕಿತು. ಹಾಸಿಗೆ ಹೆಚ್ಚಿಸಿ ನ್ಯಾಯಪೀಠ ಹೆಚ್ಚಿಸದಿದ್ದರೆ ಮನುಷ್ಯರು ಒಳಗೆ ಕೊಳೆಯುತ್ತಾರೆ. ಇದು ದಕ್ಷತೆಯೂ ಅಲ್ಲ, ನ್ಯಾಯವೂ ಅಲ್ಲ.

ಊರಿನಲ್ಲಿರುವ ಮನೆಯವರು ಮಾಡಬಹುದಾದದ್ದೂ ಇದೆ. 'ಎ' ಅಕ್ಷರದಿಂದ ಶುರುವಾಗುವ ವಲಸೆ ಸಂಖ್ಯೆ, ಹುಟ್ಟಿದ ದೇಶ ಗೊತ್ತಿದ್ದರೆ ಬಂಧಿತರು ಎಲ್ಲಿದ್ದಾರೆಂದು ಅಲ್ಲಿನ ವಲಸೆ ಇಲಾಖೆಯ ಜಾಲತಾಣದಲ್ಲಿ ಹುಡುಕಬಹುದು. ಹಳೆಯ ಪಾಸ್‌ಪೋರ್ಟ್, ಜನನ ಪ್ರಮಾಣಪತ್ರಗಳ ಪ್ರತಿ ವಕೀಲರಿಗೆ ತಲುಪಿಸಿ. ವಿಚಾರಣೆಯ ದಿನ ತಪ್ಪಿದರೆ ಗೈರುಹಾಜರಿಯಲ್ಲೇ ಆದೇಶವಾಗುತ್ತದೆ. ವಿಚಾರಣೆ ಮುಗಿಯುವ ಮೊದಲೇ ಸ್ವಇಚ್ಛೆಯ ನಿರ್ಗಮನ ಕೇಳಿದರೆ 120 ದಿನದವರೆಗೆ ಸಿಗಬಹುದು, ಕೊನೆಯಲ್ಲಿ ಕೇಳಿದರೆ ಹೆಚ್ಚೆಂದರೆ 60. ಹಾಗೆ ಹೊರಟರೆ ಗಡೀಪಾರು ಆದೇಶ ತಪ್ಪುತ್ತದೆ. ಆದರೆ ವರ್ಷಕ್ಕೂ ಹೆಚ್ಚು ಅಕ್ರಮವಾಗಿ ಇದ್ದವರಿಗೆ ಹತ್ತು ವರ್ಷದ ಮರುಪ್ರವೇಶ ನಿಷೇಧ ಆಗಲೂ ಇರುತ್ತದೆ.