ಅಣ್ಣನ ಕ್ಯಾಸೆಟ್, ನಮ್ಮ ಇಂಗ್ಲಿಷ್ ಸರ್

ನಮ್ಮ ಇಂಗ್ಲಿಷ್ ಸರ್ ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ನಾನು ಗದಗಿನಲ್ಲಿ ಒಂದು ಮದುವೆ ರಿಸೆಪ್ಶನ್ನಿಗೆ ಹಾಡಲು ಸ್ಟೇಜ್ ಹತ್ತುತ್ತಿದ್ದೆ. ಹಾಡಿದೆ. ಎರಡನೇ ಚರಣ ಮರೆತೆ, ಯಾರಿಗೂ ಗೊತ್ತಾಗಲಿಲ್ಲ.

ಅವರು ಕಲಿಸಿದ ಪಾಠ ಒಂದೂ ನೆನಪಿಲ್ಲ. ಪ್ಯಾಸಿವ್ ವಾಯ್ಸ್ ಇವತ್ತಿಗೂ ಬರಲ್ಲ. ನೆನಪಿರುವುದು 1990ರ ಗ್ಯಾದರಿಂಗ್.

ಧಾರವಾಡ ಅಂದರೆ ಮಲ್ಲಿಕಾರ್ಜುನ ಮನ್ಸೂರರ ಊರು. ಅವ್ವ ನನ್ನನ್ನೂ ಹಾರ್ಮೋನಿಯಂ ಕ್ಲಾಸಿಗೆ ಹಾಕಿದ್ದಳು. ನಾನು ಅದನ್ನು ತಪ್ಪಿಸಿ ಗೆಳತಿಯ ಮನೆ ಮಾಳಿಗೆ ಮೇಲೆ ಕುಣಿಯುತ್ತಿದ್ದೆ. ಆ ವರ್ಷ ನಮ್ಮದು ಕೋಲಾಟ. ಅಣ್ಣನ ಮಡೋನಾ ಕ್ಯಾಸೆಟ್ ಕದ್ದು ತಂದು ಟೇಪಿನಲ್ಲಿ ಬದಲಾಯಿಸಿಟ್ಟೆ. ಪರದೆ ಸರಿಯಿತು, ಮುಂದಿನ ಸಾಲಿನಲ್ಲಿ ಅತಿಥಿಗಳು, ನಾವು ಎಂಟು ಜನ ಇಳಕಲ್ ಸೀರೆ ಉಟ್ಟು ಕೋಲು ಹಿಡಿದು ನಿಂತಿದ್ದೇವೆ, ಅಷ್ಟರಲ್ಲಿ ಧಡ್ ಧಡ್ ಅಂತ ಡ್ರಮ್ಸ್ ಶುರು! ಏಳು ಜನ ಓಡಿಹೋದರು. ನಾನೊಬ್ಬಳೇ ಪೂರ್ತಿ ಕುಣಿದೆ. ಚೆನ್ನಾಗೇ ಕುಣಿದೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಸರ್ ಕರೆಸಿದರು. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಅವರು ಕ್ಯಾಸೆಟ್ ಕಿಸೆಗೆ ಹಾಕಿಕೊಂಡು, "ಈಕಿ ಯಾರು ಗೊತ್ತದ ಏನು?" ಅಂದರು. ಗೊತ್ತಿರಲಿಲ್ಲ. ಅಮೆರಿಕದ ಮಿಷಿಗನ್ನಿನವಳು, 1958ರಲ್ಲಿ ಹುಟ್ಟಿದ್ದು, ಐದು ವರ್ಷಕ್ಕೇ ತಾಯಿ ಹೋದಳು. ಅಪ್ಪ ಪಿಯಾನೋ ಕ್ಲಾಸಿಗೆ ಹಾಕಿದರೆ ಹಟ ಮಾಡಿ ಬ್ಯಾಲೆಗೆ ಹೋದಳು. "ಥೇಟ್ ನಿನ್ನಂಗ" ಅಂದರು. ಕ್ರಿಸ್ಟೋಫರ್ ಫ್ಲಿನ್ ಅನ್ನುವ ಡಾನ್ಸ್ ಮಾಸ್ತರ್ ಬೆನ್ನಿಗೆ ನಿಂತರಂತೆ. ಡಾನ್ಸಿಗೇ ಸ್ಕಾಲರ್‌ಶಿಪ್ ಸಿಕ್ಕಿದ್ದ ಯೂನಿವರ್ಸಿಟಿಯನ್ನು ನಡುವೆ ಬಿಟ್ಟು 1978ರಲ್ಲಿ ನ್ಯೂಯಾರ್ಕಿಗೆ ಹೋದಳು. ಕಿಸೆಯಲ್ಲಿ 35 ಡಾಲರ್ ಮಾತ್ರ ಇತ್ತು ಅಂತ ಆಕೆ ಹೇಳುತ್ತಾಳೆ. ಸರ್ ಇದನ್ನು ನಂಬಿರಲಿಲ್ಲ: "ದೊಡ್ಡವರಾದ ಮ್ಯಾಲೆ ಹಂಗ ಹೇಳ್ಕೋತಾರ." ಡೋನಟ್ ಅಂಗಡಿಯಲ್ಲಿ ಕೆಲಸ ಮಾಡಿದಳು, ಬ್ಯಾಂಡಿನಲ್ಲಿ ಮೊದಲು ಡ್ರಮ್ಸ್ ಬಾರಿಸಿದಳು, ಆಮೇಲೆ ಹಾಡು. 1982ರಲ್ಲಿ ಮೊದಲ ಹಾಡು ಬಂತು, ಮರುವರ್ಷ ಆಲ್ಬಂ.

ಧೋತರ ಉಟ್ಟು ವರ್ಡ್ಸ್‌ವರ್ತ್ ಕಲಿಸುವವರಿಗೆ ಇದೆಲ್ಲ ಹೇಗೆ ಗೊತ್ತು ಅಂತ ನಾನು ಕೇಳಲೇ ಇಲ್ಲ.

"ಕುಣಿಯೂದು ಬರ್ತದ ನಿನಗ. ಹಾರ್ಮೋನಿಯಂ ಬಿಡಬ್ಯಾಡ" ಅಂದು ಕಳಿಸಿದರು. ಬಿಡಲಿಲ್ಲ. ಮುಂದೆ ಆರ್ಕೆಸ್ಟ್ರಾದಲ್ಲಿ ಕುಣಿಯಲು ಸೇರಿದೆ. ಹಾವೇರಿ ಕಡೆಯ ಒಂದು ಜಾತ್ರೆಯಲ್ಲಿ ಗಾಯಕಿಯ ಗಂಟಲು ಕಟ್ಟಿತು, ಮೈಕ್ ನನ್ನ ಕೈಗೆ ಬಂತು. ಇನ್ನೂ ಕೆಳಗಿಟ್ಟಿಲ್ಲ. ಹುಬ್ಬಳ್ಳಿಯಲ್ಲಿ ಆಟೋದವರೂ ಗುರುತು ಹಿಡಿಯುತ್ತಾರೆ, ಹೇಳಬಾರದು, ಆದರೂ ಹೇಳಿದೆ.

ಮೊನ್ನೆ ಒಂದು ಶಾಲೆಗೆ ಜಡ್ಜ್ ಆಗಿ ಹೋಗಿದ್ದೆ. ಸ್ಟೆಪ್ಸ್ ಹೇಳಿಕೊಡಲು ಹೊರಗಿನಿಂದ ಹುಡುಗರನ್ನು ಕರೆಸಿದ್ದರು. ಟ್ಯೂಷನ್ ಇದೆ ಅಂತ ಪ್ರಾಕ್ಟೀಸ್ ಎರಡೇ ದಿನ. ಮಕ್ಕಳು ಒಂದು ಹೆಜ್ಜೆಯೂ ತಪ್ಪಲಿಲ್ಲ. ಯಾರೂ ಕ್ಯಾಸೆಟ್ ಬದಲಾಯಿಸಲೂ ಇಲ್ಲ, ಬಿಡಿ, ಈಗ ಕ್ಯಾಸೆಟ್ ಎಲ್ಲಿದೆ?

ಸರ್ ರಿಟೈರ್ ಆದ ದಿನ ನನ್ನ ಕ್ಯಾಸೆಟ್ ವಾಪಸ್ ಕೊಡಿ ಅಂದಿದ್ದೆ. "ದಂಡ ಕಟ್ಟಿ ಒಯ್ಯಿ" ಅಂದು ನಕ್ಕರು. ಅದು ಅವರ ಮನೆಯಲ್ಲೇ ಉಳಿಯಿತು. ಅಣ್ಣ ಇವತ್ತಿಗೂ ಕೇಳುತ್ತಾನೆ.