ಕಣಜದ ಗೂಡಿಗೆ ಏನು ಹೊಡೆಯಬೇಕು?

ಏನೂ ಹೊಡೆಯಬೇಡಿ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಸಜ್ಜಾ ಕೆಳಗಿನ ಗೂಡಿನ ಫೋಟೊ ಬರುತ್ತಲೇ ಇರುತ್ತೆ. ಜೊತೆಗೆ ಒಂದೇ ಸಾಲು: "ಯಾವ ಔಷಧಿ ಸರ್?" ಗೂಡು ಎಷ್ಟು ಎತ್ತರದಲ್ಲಿದೆ, ತೆರೆದಿದೆಯೋ ಮುಚ್ಚಿದೆಯೋ ಅಂತ ಯಾರೂ ಬರೆಯಲ್ಲ. ಉತ್ತರ ನಿಂತಿರೋದೇ ಅದರ ಮೇಲೆ.

ಸಣ್ಣ ತೊಟ್ಟಿನಿಂದ ನೇತಾಡುವ ಕಾಗದದಂಥ ಗೂಡು, ಕೋಣೆಗಳೆಲ್ಲ ಬಯಲಿಗೆ ಕಾಣುತ್ತವೆ, ಹುಳದ ಮೈ ಕೆಂಗಂದು, ಹೊಟ್ಟೆಗೆ ಹಳದಿ ಪಟ್ಟಿ. ಹೀಗಿದ್ದರೆ ಅದು ಬಹುಮಟ್ಟಿಗೆ ರೊಪಾಲಿಡಿಯಾ ಮಾರ್ಜಿನೇಟಾ ಅನ್ನೋ ಜಾತಿಯ ಕಣಜ. ಕೈ, ತಲೆ ತಾಗದ ಎತ್ತರದಲ್ಲಿದ್ದರೆ ಅದರ ಪಾಡಿಗೆ ಬಿಡಿ. ಮರಿಹುಳುಗಳನ್ನು ಹಿಡಿದು, ಅಗಿದು, ಉಂಡೆ ಮಾಡಿ ತನ್ನ ಮರಿಗಳಿಗೆ ಉಣಿಸುವ ಬೇಟೆಗಾರ ಅದು. ಟೊಮೆಟೊ ಎಲೆ ಮೇಲಿನ ಹುಳು ಅದಕ್ಕೆ ಸಿಗುತ್ತೆ. ಕಾಯಿ ಕೊರೆದು ಒಳಗೆ ಹೊಕ್ಕಿದ್ದು ಸಿಗಲ್ಲ. ಮಧ್ಯಾಹ್ನ ಸ್ಪ್ರೇ ಹೊಡೆದರೆ ಮೇವಿಗೆ ಹೋದ ಹುಳಗಳು ಉಳಿದು, ವಾಪಸ್ ಬಂದು ಅದೇ ಜಾಗದಲ್ಲಿ ಸುತ್ತುತ್ತವೆ. ಪಂಜು ಹಿಡಿಯುವವರು ಸೂರಿಗೇ ಬೆಂಕಿ ಹಚ್ಚಿಕೊಳ್ಳುತ್ತಾರೆ. ಹೊದಿಕೆ ಸುತ್ತಿದ ದೊಡ್ಡ ಗೂಡಾದರೆ ಮಾತು ಬೇರೆ: ಅದು ದೊಡ್ಡ ಕಣಜ, ದೂರ ನಿಂತು ಗೊತ್ತಿರುವವರನ್ನು ಕರೆಸಿ. ಯಾವ ಕಣಜವೇ ಕಡಿಯಲಿ, ತುಟಿ, ಗಂಟಲು ಊದಿ ಉಸಿರು ಕಟ್ಟಿದರೆ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ.

ಇಷ್ಟೆಲ್ಲ ಕೇಳುತ್ತೀರಿ, "ಇದರಲ್ಲಿ ರಾಣಿ ಯಾವುದು?" ಅಂತ ಮಾತ್ರ ಕೇಳಲ್ಲ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ದಶಕಗಳ ಕಾಲ ಬೆನ್ನು ಹತ್ತಿದ್ದು ಇದೇ ರೊಪಾಲಿಡಿಯಾ ಹುಳವನ್ನು. ರಾಣಿಗೂ ಕೆಲಸಗಾರರಿಗೂ ಮೈಕಟ್ಟಿನಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ಒಂದೊಂದು ಹುಳಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾವುದು ಏನು ಮಾಡುತ್ತೆ ಅಂತ ಬರೆದುಕೊಳ್ಳಬೇಕು. ರಾಣಿಯದು ಸಾಧು ಸ್ವಭಾವ, ಯಾರ ಮೇಲೂ ಎರಗಲ್ಲ. ಅದನ್ನು ತೆಗೆದು ನೋಡಿದರೆ, ಕೆಲಸಗಾರ ಹುಳವೊಂದು ನಿಮಿಷಗಳಲ್ಲಿ ಉಗ್ರವಾಗುತ್ತೆ. ಸುಮಾರು ವಾರದಲ್ಲಿ ಮೊಟ್ಟೆ ಇಡತೊಡಗಿ ತಣ್ಣಗಾಗುತ್ತೆ. ಅದನ್ನೂ ತೆಗೆದರೆ ಇನ್ನೊಂದು. ರಾಣಿ ಪಟ್ಟಕ್ಕಾಗಿ ಬೇರೆ ಯಾವುದೂ ಪೈಪೋಟಿಗೆ ಇಳಿಯಲ್ಲ. ಮುಂದಿನ ರಾಣಿ ಯಾವುದೆಂದು ಮೊದಲೇ ಗುರುತಿಸಲು ಸಂಶೋಧಕರಿಗಾಗಲಿಲ್ಲ, ಹುಳಗಳಿಗೆ ಗೊತ್ತಿರುವಂತಿದೆ.

ಜಗಳವಾಡದ ರಾಣಿ ಗೂಡನ್ನು ಹಿಡಿದಿಡುವುದು ವಾಸನೆಯಿಂದ. ಹೊಟ್ಟೆಯೊಳಗಿನ ಡುಫೋರ್ ಗ್ರಂಥಿಯ ರಾಸಾಯನಿಕವನ್ನು ಹೊಟ್ಟೆಯ ತುದಿಯಿಂದ ಗೂಡಿಗೆ ಸವರುತ್ತೆ. ದುರ್ಬೀನಿದ್ದರೆ ದೂರ ಕೂತು ನೋಡಿ: ಹೊರಗೆ ಹೋಗದೆ, ಹೊಟ್ಟೆ ಉಜ್ಜುತ್ತಾ ನಡೆಯುವ ಹುಳ ಯಾವುದು? ಆ ಹುಳವೇ ಖಾಲಿ ಕೋಣೆಗೆ ಮೊಟ್ಟೆ ಇಟ್ಟರೆ ಅದು ರಾಣಿ, ಖಾತ್ರಿ.