ಗುಡುಗಿಗೆ ಮೊದಲಿನ ಸೆಖೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಮೇ ತಿಂಗಳಲ್ಲಿ ಗಾಳಿ ನಿಂತು, ಅಡಿಕೆ ಸೋಗೆಯೂ ಅಲುಗದಂಥ ಸೆಖೆ ಕವಿದರೆ ಸಂಜೆಗೆ ಗುಡುಗು ಮಳೆ ಬರುವುದು ಸಾಮಾನ್ಯ. ಅಕ್ಟೋಬರ್-ನವೆಂಬರ್‌ನ ತುಲಾ ಮಾಸದಲ್ಲಿಯೂ ಹಾಗೆಯೇ. ಉಬ್ಬಸವಿರುವ ಹಿರಿಯರಿಗೆ ತಂಪು ಆಗದೆಂದು ನಾವು ಮಳೆ ಸುರಿಯತೊಡಗಿದ ಮೇಲೆ ಕಿಟಕಿ ಮುಚ್ಚಿ ಶಾಲು ಹೊದೆಸುತ್ತೇವೆ. ಅತ್ತೆಯವರ ಆರೈಕೆ ಮಾಡುತ್ತಾ ನನಗೆ ಮನವರಿಕೆಯಾದದ್ದು, ಎಚ್ಚರ ಆ ಸೆಖೆಯಲ್ಲಿಯೇ ಶುರುವಾಗಬೇಕೆಂಬುದು.

ಅಮೆರಿಕದಲ್ಲಿ 65 ದಾಟಿದವರ 1999ರಿಂದ 2012ರವರೆಗಿನ ಚಿಕಿತ್ಸಾ ದಾಖಲೆಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳುತ್ತದೆ. ಉಸಿರಾಟದ ತೊಂದರೆಯಿಂದ ತುರ್ತು ವಿಭಾಗಕ್ಕೆ ಬಂದವರ ಸಂಖ್ಯೆ ಅತಿ ಹೆಚ್ಚಾಗಿದ್ದದ್ದು ದೊಡ್ಡ ಗುಡುಗು ಮಳೆಯ ಹಿಂದಿನ ದಿನ. ಆಗ ತಾಪಮಾನವೂ ಗಾಳಿಯಲ್ಲಿನ ಸೂಕ್ಷ್ಮ ಕಣಗಳೂ ಏರಿದ್ದವು. 2016ರ ನವೆಂಬರ್ 21ರಂದು ಮೆಲ್ಬರ್ನ್‌ನಲ್ಲಿ ನಡೆದದ್ದು ಬೇರೆ ಬಗೆಯದು. ಅಲ್ಲಿ ಹುಲ್ಲಿನ ಪರಾಗ ತೇವಕ್ಕೆ ಒಡೆದು, ಬಿರುಗಾಳಿಯೊಂದಿಗೆ ನೆಲಕ್ಕಿಳಿದು, ಸಾವಿರಾರು ಜನರ ಶ್ವಾಸನಾಳಗಳನ್ನು ಹೊಕ್ಕಿತು.

ವಯಸ್ಸಾದಂತೆ ಶ್ವಾಸಕೋಶದ ಹಿಗ್ಗಿ ಕುಗ್ಗುವ ಗುಣ ಕಡಿಮೆಯಾಗಿ, ಎದೆಗೂಡು ಬಿಗಿಯಾಗಿ, ಕಫವನ್ನು ಹೊರಹಾಕುವ ಕೆಮ್ಮೂ ದುರ್ಬಲವಾಗುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ಶ್ವಾಸನಾಳ ಬಿಗಿಯುತ್ತಿರುವುದರ ಅರಿವೇ ಹಿರಿಯರಲ್ಲಿ ಮಂದವಾಗುವುದರಿಂದ, "ಏನೂ ಇಲ್ಲ, ಸ್ವಲ್ಪ ಸುಸ್ತು" ಎಂದು ಅವರು ಹೇಳುವ ಹೊತ್ತಿಗೆ ತೊಂದರೆ ಬಲಿತಿರುತ್ತದೆ. ಆದ್ದರಿಂದ ಅವರು ಹೇಳಲಿ ಎಂದು ಕಾಯದೆ ಉಸಿರಿನ ವೇಗವನ್ನು ನಾವೇ ಗಮನಿಸಬೇಕು.

ಮಳೆಗೆ ಮೊದಲು ತರಗೆಲೆ ಸುಟ್ಟು ಮುಗಿಸುವ ಅವಸರವನ್ನು ದಯವಿಟ್ಟು ಬಿಡಿ. ಗಾಳಿಯಾಡದ ದಿನ ಆ ಹೊಗೆಯೂ ಬಚ್ಚಲೊಲೆಯ ಹೊಗೆಯೂ ಅಂಗಳದಲ್ಲಿಯೇ ನಿಲ್ಲುತ್ತವೆ.

ಹವಾಮಾನ ಇಲಾಖೆಯು ಜಿಲ್ಲೆಗೆ ಗುಡುಗು ಮಳೆಯ ಹಳದಿ ಎಚ್ಚರಿಕೆ ಕೊಟ್ಟ ದಿನ, ನಿತ್ಯದ ಇನ್‌ಹೇಲರ್ ತಪ್ಪಿಲ್ಲವೆಂದೂ ತುರ್ತಿನದು ಕೈಗೆಟುಕುವಲ್ಲಿದೆಯೆಂದೂ ನಾನು ನೋಡಿಕೊಳ್ಳುತ್ತೇನೆ. ಸಿಡಿಲಿನ ಹೊತ್ತಿಗೆ ಕರೆಂಟು ಹೋದರೆ ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಮನೆಯ ನೆಬ್ಯುಲೈಸರ್ ಯಂತ್ರ ಕೆಲಸಕ್ಕೆ ಬಾರದು. ಸ್ಪೇಸರ್ (ಔಷಧವನ್ನು ಹಿಡಿದಿಡುವ ಕೊಳವೆ) ಜೋಡಿಸಿದ ಇನ್‌ಹೇಲರ್‌ಗೆ ಕರೆಂಟು ಬೇಡ, ಅದನ್ನು ಬಳಸುವ ಕ್ರಮವನ್ನು ವೈದ್ಯರಿಂದ ಮೊದಲೇ ಕಲಿತಿರಬೇಕು. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ಅಥವಾ ಮಂಕು ಕವಿದರೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು, ಏಕೆಂದರೆ ಗಾಳಿಗೆ ಮರ ಬಿದ್ದು ರಸ್ತೆ ಮುಚ್ಚಿದರೆ ಒಳಗಿನ ಊರುಗಳಿಂದ ಪೇಟೆಗೆ ತಲುಪುವುದು ಬಹಳ ತಡವಾಗುತ್ತದೆ.